ಒಂದು ರಾತ್ರಿ ಉಳಿಯುವ ಮಾತು

ಬೆಂಗಳೂರಿನಿಂದ ಮೈಸೂರಿನ ಕಡೆ ಹೊರಟವರಿಗೆ ಚನ್ನಪಟ್ಟಣ ದಾಟಿದ ಮೇಲೆ, ಮದ್ದೂರು ಇನ್ನೇನು ಬಂತು ಎನ್ನುವಾಗ ಸಿಗುವ ಊರು ನಮ್ಮ ಸೋಮನಹಳ್ಳಿ. ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ ಅವರ ಊರು ಎಂದರೆ ಹೊರಗಿನವರಿಗೆ ಬೇಗ ಗೊತ್ತಾಗುತ್ತದೆ. 2024ರ ಡಿಸೆಂಬರಿನಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದೂ ಇಲ್ಲಿಯೇ. ಹೆದ್ದಾರಿಯ ಊರಿನಲ್ಲಿ ಬಾಳುವವರಿಗೆ ಬೇರೆಯವರು ಪ್ರವಾಸ ಹೋಗುವುದನ್ನು ನೋಡುವುದೇ ಒಂದು ಅಭ್ಯಾಸ. ಶನಿವಾರ ಬೆಳಿಗ್ಗೆ ಮೈಸೂರಿನ ಕಡೆ ಓಡುವ ಕಾರುಗಳು, ಭಾನುವಾರ ಸಂಜೆ ಹಿಂದಿರುಗುವ ಅವೇ ಕಾರುಗಳು, ಡಿಸೆಂಬರ್ ಬಂತೆಂದರೆ ಶಾಲೆಯ ಮಕ್ಕಳನ್ನು ತುಂಬಿಕೊಂಡು ಬಿಡದಿಯ ವಂಡರ್‌ಲಾ ಕಡೆಗೆ ಹೋಗುವ ಬಸ್ಸುಗಳು. ನೋಡುತ್ತಾ ನೋಡುತ್ತಾ ನಮ್ಮ ಮಕ್ಕಳು ದೊಡ್ಡವರಾದರು.

ಈ ವಂಡರ್‌ಲಾ ನಮಗೇನೂ ಹೊಸದಲ್ಲ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಮೊದಲ ಪಾರ್ಕನ್ನು ತೆರೆದವರೇ 2005ರಲ್ಲಿ ಬಿಡದಿಯ ಬಳಿ ಇದನ್ನು ಕಟ್ಟಿದರು. 2012ರಲ್ಲಿ ಪಾರ್ಕಿಗೆ ಅಂಟಿಕೊಂಡಂತೆ ಒಂದು ರೆಸಾರ್ಟ್ ಕೂಡ ಬಂತು. ನಮ್ಮ ಮನೆಯ ಮಕ್ಕಳು ಶಾಲೆಯಿಂದ ಒಮ್ಮೆ ಹೋಗಿ ಬಂದವರೇ. ರೆಸಾರ್ಟಿನ ಮಾತನ್ನು ಮಾತ್ರ ಯಾರೂ ಎತ್ತಿರಲಿಲ್ಲ. ಅದು ಬೆಂಗಳೂರಿನವರಿಗೆ, ದೂರದಿಂದ ಬರುವವರಿಗೆ ಎಂದು ನಾವೇ ತೀರ್ಮಾನಿಸಿಕೊಂಡಿದ್ದೆವು.

ಮಾತೆತ್ತಿದವಳು ದೊಡ್ಡ ಭಾಬಿಯ ಮಗಳು. ಅವಳ ನಿಕಾಹ್ ಗೊತ್ತಾಗಿದೆ. ಹುಡುಗ ದಮ್ಮಾಮಿನಲ್ಲಿ ಕೆಲಸದಲ್ಲಿದ್ದಾನೆ. ಮದುವೆಯಾದ ಮೇಲೆ ಕಾಗದಪತ್ರ ಸರಿಯಾದ ಕೂಡಲೇ ಇವಳೂ ಹೋಗುವವಳು. ‘ನನಗೆ ಒಡವೆ ಹೆಚ್ಚು ಬೇಡ, ಸೀರೆ ಹೆಚ್ಚು ಬೇಡ. ಹೋಗುವ ಮೊದಲು ಮನೆಯವರೆಲ್ಲ ಒಂದು ಹಗಲು, ಒಂದು ರಾತ್ರಿ ಒಟ್ಟಿಗೆ ಎಲ್ಲಾದರೂ ಇರೋಣ. ಹಗಲು ವಂಡರ್‌ಲಾದಲ್ಲಿ ಆಡೋಣ, ರಾತ್ರಿ ಅಲ್ಲಿಯೇ ಉಳಿಯೋಣ’ ಎಂದಳು. ಹಗಲಿಗೆ ಎಲ್ಲರೂ ಒಪ್ಪಿದರು. ತಕರಾರು ಹುಟ್ಟಿದ್ದು ರಾತ್ರಿಯ ಬಗ್ಗೆ.

ನಮ್ಮದು ಹದಿಮೂರು ಜನರ ಮನೆ. ಅತ್ತೆಯವರು, ಅವರನ್ನು ನಾವೆಲ್ಲ ಅಮ್ಮಿ ಎನ್ನುತ್ತೇವೆ, ಮೂವರು ಗಂಡುಮಕ್ಕಳು, ಸೊಸೆಯರಾದ ನಾವು ಮೂವರು, ಆರು ಮಕ್ಕಳು. ಹದಿಮೂರು ಜನರೆಂದರೆ ನಾಲ್ಕು ಕೋಣೆಗಳು. ಮದ್ದೂರಿನ ಮಾರುಕಟ್ಟೆಯಲ್ಲಿ ಎಳನೀರಿನ ವ್ಯಾಪಾರ ಮಾಡುವ ನಡುವಿನ ಮಗ ಲೆಕ್ಕ ಹಾಕುವುದೆಲ್ಲ ಎಳನೀರಿನಲ್ಲಿಯೇ. ನಾಲ್ಕು ಕೋಣೆಯ ಒಂದು ರಾತ್ರಿಗೆ ಎಷ್ಟು ಎಳನೀರು ಮಾರಬೇಕು ಎಂದು ಗುಣಿಸಿ, ಮೊಬೈಲನ್ನು ಎಲ್ಲರಿಗೂ ತೋರಿಸಿ ಸುಮ್ಮನೆ ಕುಳಿತರು.

ಗಂಡಸರ ವಾದ ಸರಳ. ಹೊಸ ಹೆದ್ದಾರಿಯ ಮೊದಲ ಹಂತ ಬೆಂಗಳೂರಿನಿಂದ ನಮ್ಮ ಪಕ್ಕದ ನಿಡಘಟ್ಟದವರೆಗಿನದು. 2023ರ ಮಾರ್ಚ್ 12ರಂದು ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಇಡೀ ರಸ್ತೆಯ ಉದ್ಘಾಟನೆ ನಡೆಯಿತು. ಆ ವರ್ಷದ ಆಗಸ್ಟಿನಿಂದ ಬೈಕು, ಆಟೋಗಳಿಗೆ ಅಲ್ಲಿ ಪ್ರವೇಶವಿಲ್ಲವಾದರೂ ವ್ಯಾನೊಂದನ್ನು ಗೊತ್ತು ಮಾಡಿಕೊಂಡರೆ ಬಿಡದಿ ಒಂದು ಗಂಟೆಯ ದಾರಿಯೂ ಅಲ್ಲ. ‘ಮನೆ ಇಷ್ಟು ಹತ್ತಿರ ಇಟ್ಟುಕೊಂಡು ದುಡ್ಡು ಕೊಟ್ಟು ಮಲಗುವವರುಂಟೇ?’ ಎಂದರು ದೊಡ್ಡವರು. ಉರ್ದು ಶಾಲೆಯಲ್ಲಿ ದೀನಿಯಾತ್ ಓದಿದ ನೆನಪು ನಮಗೂ ಬಂತು. ನಮಾಜನ್ನು ಮೊಟಕು ಮಾಡುವಷ್ಟು ದೂರದ ಪ್ರಯಾಣವೆಂದರೆ ಸುಮಾರು ನಲವತ್ತೆಂಟು ಮೈಲಿ, ಎಪ್ಪತ್ತೇಳು ಕಿಲೋಮೀಟರ್ ಎಂದು ನಮ್ಮ ಉಸ್ತಾದರು ಹೇಳಿಕೊಟ್ಟಿದ್ದರು. ಬಿಡದಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆ ಲೆಕ್ಕದಲ್ಲಿ ನಾವು ಅಲ್ಲಿ ಮುಸಾಫಿರರೂ ಅಲ್ಲ!

ಇದೇ ಸಮಯಕ್ಕೆ ಅಮೆರಿಕದಲ್ಲಿರುವ ಅಮ್ಮಿಯ ತಂಗಿಯ ಮೊಮ್ಮಗ ಕೆಲವು ಚಿತ್ರಗಳನ್ನು ಕಳಿಸಿದ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಅವನ ಸಂಸಾರ ಉಳಿದುಕೊಂಡಿದ್ದ ಮರಗಳ ನಡುವಿನ ಪುಟ್ಟ ಮನೆಯ ಚಿತ್ರಗಳು. ಆ ಜಾಗದ ಕತೆ ಕುತೂಹಲದ್ದು. ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅದರ ಸುತ್ತ ಬೇರೆಯವರ ಲಾಡ್ಜುಗಳು ಅಣಬೆಯಂತೆ ಎದ್ದವು. ಹಗಲು ಇವರ ಪಾರ್ಕಿನಲ್ಲಿ ಆಡಿದವರು ರಾತ್ರಿಯ ಹಣವನ್ನು ಬೇರೆಯವರಿಗೆ ಕೊಟ್ಟು ಹೋಗತೊಡಗಿದರು. ಹಾಗಾಗಬಾರದೆಂದು ಫ್ಲಾರಿಡಾದಲ್ಲಿ ಇಪ್ಪತ್ತೇಳು ಸಾವಿರ ಎಕರೆಯಷ್ಟು ಭೂಮಿಯನ್ನು ಮೊದಲೇ ಕೊಂಡರು. ಅಲ್ಲಿಯ ಪಾರ್ಕ್ 1971ರ ಅಕ್ಟೋಬರಿನಲ್ಲಿ ತೆರೆಯಿತು. ದುಬಾರಿ ಹೋಟೆಲಿಗೆ ಹೋಗಲಾರದ ಸಂಸಾರಗಳಿಗಾಗಿ ಮರುತಿಂಗಳೇ ಫೋರ್ಟ್ ವೈಲ್ಡರ್‌ನೆಸ್ ಎಂಬ ಬಿಡಾರದ ಬಯಲನ್ನೂ ತೆರೆದರು. ಡೇರೆ ತಂದವರು ಡೇರೆ ಹಾಕಿಕೊಳ್ಳಬಹುದು. ಬಾಡಿಗೆಯ ಪುಟ್ಟ ಮನೆಯಲ್ಲಿ ಮಂಚ, ಹಾಸಿಗೆ, ಪಾತ್ರೆ ಪಡಗ, ಅಡುಗೆಮನೆ ಎಲ್ಲವೂ ಇರುತ್ತವೆ.

ಹುಡುಗ ಆ ಅಡುಗೆಮನೆಯ ಚಿತ್ರವನ್ನೇ ಹೆಮ್ಮೆಯಿಂದ ಕಳಿಸಿದ್ದ. ಹಲಾಲ್ ಆಹಾರದ ಚಿಂತೆಯಿಲ್ಲ, ನಾವೇ ಮಾಡಿಕೊಂಡೆವು ಎಂದು ಬರೆದಿದ್ದ. ಅಮ್ಮಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ, ‘ಉಧರ್ ಭೀ ಚೂಲಾಚ್ ಕ್ಯಾ?’ ಎಂದರು. ಅಲ್ಲೂ ಒಲೆಯೇನಾ?

ಎಲ್ಲರೂ ನಕ್ಕರು. ಆದರೆ ಆ ರಾತ್ರಿ ಪಾತ್ರೆ ತೊಳೆಯುತ್ತಾ ನಾವು ಮೂವರೂ ಅದೇ ಮಾತನ್ನು ಮತ್ತೆ ಆಡಿಕೊಂಡೆವು. ಬೆಳಿಗ್ಗೆ ಹೋಗಿ ರಾತ್ರಿ ಬರುವುದು ಸುಲಭ ಎನ್ನುತ್ತಾರಲ್ಲ, ಯಾರಿಗೆ ಸುಲಭ? ಪಾರ್ಕಿನೊಳಗೆ ಹೊರಗಿನ ಊಟ ಬಿಡುವುದಿಲ್ಲ. ಹಾಗಾದರೆ ಹೊರಡುವ ಮೊದಲೇ ಹದಿಮೂರು ಜನರಿಗೆ ಹೊಟ್ಟೆ ತುಂಬುವಷ್ಟು ತಿಂಡಿ ಮನೆಯಲ್ಲೇ ಆಗಬೇಕು. ಅಂದರೆ ಫಜ್ರ್‌ಗೂ ಮೊದಲು, ಮೂರೂವರೆಗೆ ಒಲೆ ಹತ್ತಬೇಕು. ನೀರಿನ ಆಟಕ್ಕೆ ಹತ್ತಿಯ ಬಟ್ಟೆ ನಡೆಯದು, ನೈಲಾನಿನಂಥ ಉಡುಪೇ ಬೇಕು. ಹೆಣ್ಣುಮಕ್ಕಳಿಗೆ ಮೈತುಂಬ ಮುಚ್ಚುವಂಥದ್ದನ್ನು ಹುಡುಕಿ ತರಬೇಕು. ರಾತ್ರಿ ಮನೆಗೆ ಬಂದ ಮೇಲೆ ಗಂಡಸರು, ಮಕ್ಕಳು ಬಿದ್ದ ಜಾಗದಲ್ಲೇ ನಿದ್ದೆ ಹೋಗುತ್ತಾರೆ. ನಾವು ಒದ್ದೆ ಬಟ್ಟೆ ಹಿಂಡಿ ಹರವಿ, ಅನ್ನಕ್ಕೆ ಇಟ್ಟು, ಬೆಳಗಿನ ತಿಂಡಿಗೆ ಏನೆಂದು ಯೋಚಿಸುತ್ತಾ ಮಲಗುತ್ತೇವೆ. ಅವರದು ಒಂದು ಹಗಲಿನ ಪ್ರವಾಸ. ನಮ್ಮದು ಎರಡು ದಿನದ ಕೆಲಸಕ್ಕೆ ನಡುವೆ ಒಂದು ಜಾರುಬಂಡಿ.

ಓದುಗರು ಇದನ್ನು ದೂರು ಎಂದು ತಿಳಿಯಬಾರದು. ನಮ್ಮ ಮನೆಯ ಗಂಡಸರು ಕೆಟ್ಟವರಲ್ಲ. ಕತೆ ಬರೆಯುವುದಕ್ಕೆಂದು ರಾತ್ರಿ ಹತ್ತರ ಮೇಲೆ ದೀಪ ಹಾಕಿಕೊಂಡು ಕುಳಿತರೆ ಒಂದು ದಿನವೂ ಅಡ್ಡಿ ಹೇಳಿದವರಲ್ಲ. ಅವರು ಲೆಕ್ಕ ಹಾಕಿದ್ದು ದಾರಿಯನ್ನು, ದುಡ್ಡನ್ನು. ಬೆಳಗಿನ ಜಾವ ಅವರ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೆ.

ನಮ್ಮ ಮನೆಯ ಹೆಂಗಸರು ಹೊರಗೆ ಕಳೆದ ರಾತ್ರಿಗಳನ್ನು ನಾವು ಬೆರಳು ಮಡಿಸಿ ಎಣಿಸಿದೆವು. ನೆಂಟರ ಮದುವೆಗಳಲ್ಲಿ, ಚಾಪೆಯ ಮೇಲೆ ಇಪ್ಪತ್ತು ಜನರ ನಡುವೆ, ಈರುಳ್ಳಿ ಹೆಚ್ಚಿದ ಕೈಯನ್ನೇ ತಲೆದಿಂಬು ಮಾಡಿಕೊಂಡು. ಹೆರಿಗೆಗಳಲ್ಲಿ. ಅಬ್ಬಾ ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ, ಮಂಚದ ಪಕ್ಕದ ನೆಲದ ಮೇಲೆ ಅಮ್ಮಿ ಹತ್ತೊಂಬತ್ತು ರಾತ್ರಿ ಕಳೆದರು. ಉರುಸ್‌ಗಳಲ್ಲಿ ಡೇರೆ ಹೊಡೆದಾಗಲೂ ಮೂರು ಕಲ್ಲು ಹುಡುಕಿ ಒಲೆ ಹೂಡಿದವರು ನಾವೇ. ಶಾಲೆಯಲ್ಲಿ ಉರ್ದುವಿನ ‘ಮುಸಾಫಿರ್‌ಖಾನಾ’, ಕನ್ನಡದ ‘ಛತ್ರ’ ಎರಡನ್ನೂ ಓದಿದೆವು. ಎರಡರಲ್ಲೂ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿರುತ್ತಿದ್ದವನು ಗಂಡಸೇ. ಹೆಣ್ಣಿಗೆ ವಿಶ್ರಾಂತಿಯ ತಾಣವೆಂದರೆ ತವರು ಎಂದು ಎರಡು ಭಾಷೆಗಳೂ ಹೇಳುತ್ತವೆ. ತವರಿನಲ್ಲಿ ತಾಯಿ ಇರುವ ತನಕ ಆ ಮಾತು ನಿಜ.

ಇನ್ನೊಂದು ಮಾತು ಇತ್ತು. ಅದನ್ನು ಯಾರೂ ಗಟ್ಟಿಯಾಗಿ ಆಡಲಿಲ್ಲ. ಕೆಲವು ವರ್ಷಗಳ ಹಿಂದೆ ದೂರದ ಒಂದು ಊರಿಗೆ ಹೋಗಿದ್ದೆವು. ಊರಿನ ಹೆಸರು ಬೇಡ. ಫೋನಿನಲ್ಲಿ ಇದೆ ಎಂದಿದ್ದ ಕೋಣೆ, ನಮ್ಮ ಗುರುತಿನ ಚೀಟಿಗಳನ್ನು ಮೇಜಿನ ಮೇಲೆ ಇಟ್ಟ ಮೇಲೆ ಇಲ್ಲವಾಯಿತು. ನಿಜವಾಗಿಯೂ ಕೋಣೆ ತುಂಬಿತ್ತೋ ಏನೋ. ಹೌದೋ ಅಲ್ಲವೋ ಗೊತ್ತಾಗದೆ ಹೊರಗೆ ಬರುವುದಿದೆಯಲ್ಲ, ಅದೇ ಅದರ ಸಂಕಟ. ಆ ರಾತ್ರಿಯನ್ನು ರೈಲು ನಿಲ್ದಾಣದಲ್ಲಿ ಕಳೆದೆವು. ಅಂದಿನಿಂದ ಯಾವ ಊರಿಗೆ ಹೋದರೂ ಸಂಜೆಯೊಳಗೆ ಮನೆ ಸೇರಬೇಕೆಂಬುದು ನಮ್ಮ ಮನೆಯಲ್ಲಿ ಯಾರೂ ಬರೆಯದ ಕಾನೂನು. ದೊಡ್ಡವರು ‘ಮನೆ ಹತ್ತಿರ ಇದೆಯಲ್ಲ’ ಎಂದಾಗ ಅದರಲ್ಲಿ ಈ ಭಯವೂ ಅಡಗಿತ್ತೆಂದು ನಮಗೆ ಗೊತ್ತು.

ಹುಡುಗಿಗೂ ಗೊತ್ತು. ಅವಳು ಹೇಳಿದಳು: ‘ದೊಡ್ಡಬ್ಬಾ, ಎಲ್ಲರ ಹೆಸರನ್ನೂ ಮೊದಲೇ ಕೊಡೋಣ. ದುಡ್ಡು ಮೊದಲೇ ಕಟ್ಟೋಣ. ಕಾಗದ ಕೈಯಲ್ಲಿ ಇರುತ್ತದೆ. ಅವರು ಇಲ್ಲ ಎನ್ನುವ ಮೊದಲೇ ನಾವೇ ಇಲ್ಲ ಎಂದುಕೊಳ್ಳುವುದು ಯಾಕೆ?’ ಅವಳು ದೊಡ್ಡಬ್ಬಾ ಎಂದದ್ದು ತನ್ನ ತಂದೆಯನ್ನೇ. ಮನೆಯ ಮಕ್ಕಳೆಲ್ಲ ಕರೆಯುವುದನ್ನು ಕೇಳಿ ಚಿಕ್ಕಂದಿನಿಂದ ಅವಳಿಗೂ ಅದೇ ರೂಢಿ. ಅವರು ಉತ್ತರ ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ನಡುವಿನ ದಾರಿಯೊಂದನ್ನು ಕಿರಿಯ ಮಗ ಹುಡುಕಿದರು. ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲೇ, ಕಾವೇರಿಯ ದಂಡೆಯ ಭೀಮೇಶ್ವರಿಯಲ್ಲಿ, ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಬಿಡಾರವಿದೆ. ಮಹಶೀರ್ ಮೀನಿಗೆ ಗಾಳ ಹಾಕಲು ಒಂದು ಕಾಲಕ್ಕೆ ವಿದೇಶಗಳಿಂದ ಜನ ಬರುತ್ತಿದ್ದ ಜಾಗ. ಮರದ ಕುಟೀರಗಳಿವೆ, ಡೇರೆಗಳಿವೆ, ಊಟವೂ ಬಾಡಿಗೆಯಲ್ಲಿ ಸೇರಿರುತ್ತದೆ. ಅಮೆರಿಕದ ಹುಡುಗನ ಚಿತ್ರಕ್ಕೆ ಹತ್ತಿರದ್ದು ಅದೇ. ನಮಗೂ ಮನಸ್ಸಾಯಿತು. ಆದರೆ ಅಲ್ಲಿ ಹುಡುಗಿ ಕೇಳಿದ ಆಟಗಳಿಲ್ಲ. ಜತೆಗೆ ಹೊಳೆಯ ಹೆಸರೆತ್ತಿದ ಕೂಡಲೇ ಅಮ್ಮಿ ಬೇಡವೆಂದರು. ಪಕ್ಕದ ಮುತ್ತತ್ತಿಯಲ್ಲಿ ನೀರಿಗಿಳಿದು ಜೀವ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದದ್ದನ್ನು ಅವರಿಗೆ ಓದಿ ಹೇಳಿದವರು ನಾವೇ. ಆರು ಮಕ್ಕಳನ್ನು ಹೊಳೆಯ ದಂಡೆಯಲ್ಲಿ ಕಾಯುತ್ತಾ ಕೂರುವ ಹೆಂಗಸಿಗೆ ಅದು ಇನ್ನೊಂದು ಕೆಲಸವೇ ಹೊರತು ಬಿಡುವಲ್ಲ.

ಕೊನೆಗೆ ದಾರಿ ತೋರಿಸಿದ್ದು ಮದುವೆಯ ಖರ್ಚಿನ ಪಟ್ಟಿ. ಹಳದಿಯ ರಸ್ಮಿಗೆ ವೇದಿಕೆ, ಹೂವಿನ ಗೋಡೆ, ಬಣ್ಣದ ದೀಪ ಎಂದು ಅದರಲ್ಲಿ ಒಂದು ಮೊತ್ತವಿತ್ತು. ನಮ್ಮ ಅಮ್ಮಂದಿರ ಕಾಲದಲ್ಲಿ ಅರಿಶಿನ ಹಚ್ಚಲು ಒಂದು ಮಣೆ ಸಾಕಿತ್ತು. ಈಗ ಪಕ್ಕದ ಮನೆಯವರು ಮಾಡಿದರೆಂದು ನಾವು, ನಾವು ಮಾಡಿದೆವೆಂದು ಆಚೆಯ ಮನೆಯವರು. ಹುಡುಗಿಯೇ ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದು ಹಾಕಿದಳು. ‘ಎರಡು ಗಂಟೆಯ ಹೂವಿನ ಬದಲು ಒಂದು ರಾತ್ರಿ’ ಎಂದಳು. ನಡುವಿನ ಮಗ ಮತ್ತೆ ಎಳನೀರಿನ ಲೆಕ್ಕ ಹಾಕಿದರು. ಈ ಸಲ ಮೊಬೈಲನ್ನು ಜೇಬಿಗೆ ಹಾಕಿಕೊಂಡು, ‘ಆಗುತ್ತದೆ, ಸ್ವಲ್ಪ ಉಳಿಯಲೂಬಹುದು’ ಎಂದರು.

ಅಮ್ಮಿಗೆ ಉಳಿದದ್ದು ಒಂದೇ ಚಿಂತೆ, ಕೋಳಿಗಳದ್ದು. ಹಿತ್ತಲ ಬೇಲಿಯ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಗೌಡರ ಮನೆಯ ಅಕ್ಕ ಅದನ್ನೂ ಬಗೆಹರಿಸಿದರು. ‘ಕೋಳೀನ ನಾನ್ ಕೂಡಾಕ್ತೀನಿ ಕನ ಬೂಬಮ್ಮ. ಒಂದ್ ರಾತ್ರಿಗೇನಾಯ್ತದೆ, ಹೋಗ್ಬುಟ್ ಬನ್ನಿ. ಬಂದ್ ಮ್ಯಾಕೆ ನಂಗೂ ಹೇಳಿ, ನಮ್ಮನೇವ್ರನ್ನೂ ಕೇಳ್ನೋಡ್ತೀನಿ’ ಎಂದರು. ಅವರ ಮನೆಯಲ್ಲೂ ಮೊದಲು ಎದ್ದು ಒಲೆ ಹಚ್ಚುವವರು ಅವರೇ.

ದಿನ ಗೊತ್ತು ಮಾಡಿ ನಾಲ್ಕು ಕೋಣೆಗಳಿಗೆ ಹಣ ಕಟ್ಟಿದ್ದಾಯಿತು. ಹದಿಮೂರು ಹೆಸರುಗಳನ್ನೂ ಪೂರ್ತಿಯಾಗಿ, ಒಂದಕ್ಷರ ಬಿಡದೆ ಬರೆದು ಕೊಟ್ಟೆವು. ಬೆಳಗಿನ ತಿಂಡಿ ಅವರದೇ ಎಂಬುದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆವು. ಅಮ್ಮಿ ತಮ್ಮ ಜಾನಮಾಜನ್ನು ಒಗೆದು ಒಣಗಿಸಿ ಈಗಾಗಲೇ ಚೀಲದಲ್ಲಿಟ್ಟಿದ್ದಾರೆ.

ದೊಡ್ಡ ಭಾಬಿ ಈ ಮನೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಎಲ್ಲರೂ ಎದ್ದು ಹೋದ ಮೇಲೆ ನಮ್ಮ ಪಕ್ಕಕ್ಕೆ ಬಂದು ಕುಳಿತು ಮೆಲ್ಲಗೆ ಕೇಳಿದರು: ‘ಅಲ್ಲಿ ಬೆಳಿಗ್ಗೆ ಫಜ್ರ್ ಓದಿಯಾಯಿತು ಅನ್ನು. ಆಮೇಲೆ ಏನು ಮಾಡುವುದು?’

ಏನೂ ಇಲ್ಲ ಭಾಬಿ, ಸುಮ್ಮನೆ ಕೂರುವುದು ಎಂದೆವು. ಅವರು ತಲೆಯಾಡಿಸಿದರು. ಆದರೂ ಎದ್ದು ಹೋಗಿ ತಮ್ಮ ಚೀಲಕ್ಕೆ ಹೊಲಿಯುವ ಸೂಜಿ, ದಾರ, ಮಗಳ ಅರ್ಧ ಹಾಕಿದ ಕಸೂತಿಯ ದುಪಟ್ಟಾವನ್ನು ಸೇರಿಸಿದರು. ನಾವು ಅದನ್ನು ತೆಗೆದಿಡಿ ಎನ್ನಲಿಲ್ಲ.