ಬೆಕ್ಕಿನ ಡೈರಿ – 9: ಮೂಗಿನ ಮೇಲಿನ ಅರಿಶಿನ

ಈ ಫೋಟೋ ನೆನಪಿದೆಯಾ? ಹೋದ ವರ್ಷ ಡಿಸೆಂಬರ್ 24ರ ರಾತ್ರಿ ಸ್ಟೋರಿಗೆ ಹಾಕಿದ್ದೆ. ನಮ್ಮ ಚಿನ್ನಿಯ ಬಿಳಿ ಮೂಗಿನ ಮೇಲೆ ಅರಿಶಿನ ಹಚ್ಚಿದ ಹಾಗೆ ಬಣ್ಣ. "ಯಾರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ಯೇ?" ಅಂತ ಅಮ್ಮ ರೇಗಿಸ್ತಿದ್ರು. ಅದನ್ನೇ ಬರೆದು ಹಾಕಿದೆ. ನೀವೂ ನಕ್ಕಿರಿ, ಹಾರ್ಟ್ ಒತ್ತಿದಿರಿ.

ನಿಮ್ಮಲ್ಲೊಬ್ಬರು ಮಾತ್ರ ನಗಲಿಲ್ಲ. "ಮನೇಲಿ ಲಿಲ್ಲಿ ಹೂವಿದೆಯಾ? ಇದ್ರೆ ಬೆಳಗಾಗೋವರೆಗೂ ಕಾಯಬೇಡಿ" ಅಂತ ಮೆಸೇಜ್ ಮಾಡಿದರು.

ಇತ್ತು. ಮೇಲಿನ ಮನೆ ಆಂಟಿ ಕ್ರಿಸ್‌ಮಸ್ ಕೇಕ್ ಜೊತೆ ಪ್ರೀತಿಯಿಂದ ತಂದುಕೊಟ್ಟ ಹೂಗುಚ್ಛ ಟೀವಿ ಪಕ್ಕದಲ್ಲೇ ಇತ್ತು. ಚಿನ್ನಿ ಮೂಸಿ ನೋಡಿದ್ದಳು, ಅಷ್ಟೇ. ಆದರೆ ಬೆಕ್ಕು ಮೈಗೆ ಅಂಟಿದ್ದನ್ನ ನೆಕ್ಕದೆ ಬಿಡುತ್ತಾ?

ಲಿಲ್ಲಿ ಬೆಕ್ಕಿನ ಕಿಡ್ನಿಗೆ ವಿಷ. ದಳ, ಎಲೆ, ಕಾಂಡ, ಪರಾಗ, ಕೊನೆಗೆ ಹೂದಾನಿಯ ನೀರೂ ಕೂಡ. ಮೊದಲು ವಾಂತಿ, ಮಂಕು. ನಡುವೆ ಸ್ವಲ್ಪ ಹುಷಾರಾದ ಹಾಗೂ ಕಾಣಬಹುದು. ಆದರೆ 1ರಿಂದ 3 ದಿನದೊಳಗೆ ಕಿಡ್ನಿ ಕೈಕೊಡುತ್ತೆ. ಈ ವಿಷ ಇಳಿಸೋ ಔಷಧಿ ಅಂತ ಯಾವುದೂ ಇಲ್ಲ. ಆದಷ್ಟು ಬೇಗ ಡ್ರಿಪ್ ಹಾಕಿಸೋದೇ ದಾರಿ.

ಇದೆಲ್ಲ ಆವತ್ತು ನನಗೆ ಗೊತ್ತಿರಲಿಲ್ಲ. ರಾತ್ರಿ ಹನ್ನೊಂದು ಗಂಟೆ, ಬೆಂಗಳೂರಿನ ಚಳಿ. ನಾವು ಯಾವಾಗಲೂ ಹೋಗೋ ಕ್ಲಿನಿಕ್ಕಿಗೆ ರಜೆ. ಒದ್ದೆ ಬಟ್ಟೆಯಲ್ಲಿ ಮೂಗು ಒರೆಸಿ, ಹಳೇ ಸ್ವೆಟರ್ ಹಾಸಿದ ಬುಟ್ಟಿಯಲ್ಲಿ ಕೂರಿಸಿಕೊಂಡು ಆಟೋ ಹತ್ತಿದೆವು. ರಾತ್ರಿಯೂ ತೆಗೆದಿರೋ ಆಸ್ಪತ್ರೆ ಹುಡುಕೋಕೆ ಒಂದು ಗಂಟೆ ಹಿಡೀತು. ದಾರಿಯುದ್ದಕ್ಕೂ ಅಮ್ಮ ಒಂದೇ ಮಾತು: "ನಾನು ನಗ್ತಾ ಕೂತಿದ್ನಲ್ಲೇ."

ಮೂರು ದಿನ ಡ್ರಿಪ್, ದಿನಾ ರಕ್ತಪರೀಕ್ಷೆ. ನಾಲ್ಕನೇ ದಿನ ಚಿನ್ನಿ ತಾನಾಗೇ ಮೀನಿನ ತಟ್ಟೆಗೆ ಬಾಯಿ ಹಾಕಿದಳು. ಅಮ್ಮ ಅಲ್ಲೇ ಕೂತು ಅತ್ತುಬಿಟ್ಟರು.

ಅದಕ್ಕೇ ಈ ರಜೆಗೂ ಮುಂಚೆ ನಿಮಗೆ ಹೇಳ್ತಿದ್ದೀನಿ:

🌼 ಹೂಗುಚ್ಛ ಬಂದರೆ ಒಳಗಿಡೋ ಮುಂಚೆ ಬಿಚ್ಚಿ ನೋಡಿ. ಲಿಲ್ಲಿ ಇದ್ದರೆ ಮನೆಯೊಳಗೇ ಬೇಡ. ಎತ್ತರದಲ್ಲಿ ಇಡ್ತೀನಿ ಅನ್ನಬೇಡಿ, ಬೆಕ್ಕಿಗೆ ಎತ್ತರ ಯಾವ ಲೆಕ್ಕ?

🎀 ಗಿಫ್ಟಿನ ರಿಬ್ಬನ್, ಮಿಂಚೋ ದಾರ ತಕ್ಷಣ ಎತ್ತಿಡಿ. ನುಂಗಿದರೆ ಕರುಳನ್ನೇ ಕೊಯ್ಯಬಹುದು. ಬಾಯಲ್ಲೋ ಹಿಂದೆಯೋ ದಾರದ ತುದಿ ಕಂಡರೆ ಎಳೆಯಬೇಡಿ, ಡಾಕ್ಟರ್ ಹತ್ತಿರ ಓಡಿ.

🎆 31ರ ರಾತ್ರಿ ಪಟಾಕಿ ಶುರುವಾಗೋ ಮುಂಚೆ ಒಂದು ರೂಮಿನಲ್ಲಿ ನೀರು, ಮಣ್ಣಿನ ಟ್ರೇ, ನಿಮ್ಮ ಹಳೇ ಬಟ್ಟೆ ಇಟ್ಟು ಬಾಗಿಲು ಹಾಕಿ. ಬರೋ ಹೋಗೋ ನೆಂಟರಿಗೆ ಬಾಗಿಲ ಮೇಲೊಂದು ಚೀಟಿ ಅಂಟಿಸಿ.

💊 ಶೀತ ಅಂತ ನಿಮ್ಮ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆ ಪ್ರಾಣ ತೆಗೀಬಹುದು.

📞 ರಜೆಯಲ್ಲೂ ತೆಗೆದಿರೋ ಆಸ್ಪತ್ರೆಯ ನಂಬರ್ ಇವತ್ತೇ ಹುಡುಕಿ ಫ್ರಿಜ್ ಮೇಲೆ ಬರೆದಿಡಿ. ನಮಗೆ ಹಾಳಾದ ಆ ಒಂದು ಗಂಟೆ ನಿಮಗೆ ಉಳೀಲಿ.

ಆಂಟಿಗೆ ಹೇಳೋದಾ ಬೇಡ್ವಾ ಅಂತ ತುಂಬಾ ದಿನ ಒದ್ದಾಡಿದೆ. ಪ್ರೀತಿಯಿಂದ ಕೊಟ್ಟವರ ಮನಸ್ಸು ನೋಯಿಸೋದು ಹೇಗೆ? ಕೊನೆಗೆ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನಿನ್ನೆ ಮೆಟ್ಟಿಲ ಮೇಲೆ ಸಿಕ್ಕಿದಾಗ ಅವರೇ ಕೇಳಿದರು: "ಗುಲಾಬಿ ಆಗುತ್ತೇನಮ್ಮಾ ಅವಳಿಗೆ?"

ಆಗುತ್ತೆ ಆಂಟಿ. ಮುಳ್ಳು ತೆಗೆದು ತನ್ನಿ. 🌹

ಆವತ್ತು ಮೆಸೇಜ್ ಮಾಡಿದವರೇ, ಇದನ್ನ ಓದ್ತಿದ್ದೀರಾ? ಎರಡನೇ ಫೋಟೋ ನಿಮಗೇ. ಸ್ವೈಪ್ ಮಾಡಿ: ಇವತ್ತು ಬೆಳಗ್ಗೆ, ಬಿಸಿಲಲ್ಲಿ ಚಿನ್ನಿ. ಮೂಗು ಬೆಳ್ಳಗಿದೆ.

#ಬೆಕ್ಕಿನಡೈರಿ #ಚಿನ್ನಿ #ಕನ್ನಡಬರಹ