ಕಾರ್ಬನ್ ಕಡ್ಡಿಯ ಬೆಳಕು

ನವಲಗುಂದದ ಎರಿ (ಕಪ್ಪು ಮಣ್ಣಿನ) ಸೀಮೆಗೆ ಸಿನೆಮಾ ಬರುತ್ತಿದ್ದುದು ಸುಗ್ಗಿಯ ಬೆನ್ನಿಗೆ. ಜೋಳ, ಕಡಲೆ, ಹತ್ತಿ ಮಾರಿ ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಬಯಲಲ್ಲಿ ಡೇರೆ ಏಳುತ್ತಿತ್ತು. ಮಳೆ ಹಿಡಿದರೆ ನವಲಗುಂದದ ಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಕೀಳಲು ಬಿಡುವುದಿಲ್ಲ. ಆದ್ದರಿಂದ ಡೇರೆಯ ಆಯುಷ್ಯ ಮುಂಗಾರಿನ ತನಕ. ತಗಡಿನ ಚಾವಣಿಯ ಕಾಯಂ ಟಾಕೀಜು ಬಂದದ್ದು ಆಮೇಲೆ.

ಚಕ್ಕಡಿ ಹೂಡಿಕೊಂಡು ಹಳ್ಳಿಗಳಿಂದ ಜನ ಬರುತ್ತಿದ್ದರು. ಜಾತ್ರೆ, ತವರು, ಮದುವೆ ಬಿಟ್ಟರೆ ಹೊಸ್ತಿಲು ದಾಟದ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು, ಕೂಸುಗಳನ್ನು ಎತ್ತಿಕೊಂಡು ಬಂದು ಕೂತು ಮನಸಾರೆ ಅತ್ತು ಹಗುರಾಗುತ್ತಿದ್ದರು. ಯಾಕೆ ಅತ್ತೆ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಟಾಕೀಜು ಕೊಟ್ಟ ಈ ಸ್ವಾತಂತ್ರ್ಯವನ್ನು ನಾವು ಸಾಕಷ್ಟು ಲೆಕ್ಕಕ್ಕೆ ಹಿಡಿದಿಲ್ಲ ಎಂಬುದು ನನ್ನ ಅನಿಸಿಕೆ.

ಮೇಲೆ, ಧಗೆಯ ಕೋಣೆಯಲ್ಲಿ, ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಇರುತ್ತಿದ್ದ. ಎರಡು ಕಾರ್ಬನ್ ಕಡ್ಡಿಗಳ ತುದಿ ತಾಗಿಸಿ ತುಸು ಸರಿಸಿದರೆ ಕಿಡಿ ಹೊತ್ತಿ, ಕಣ್ಣು ಕುಕ್ಕುವ ಬೆಳಕು ಹುಟ್ಟುತ್ತದೆ. ಉರಿದಂತೆ ಕಡ್ಡಿ ಸವೆಯುತ್ತದೆ, ನಡುವಿನ ಸಂದು ಅಗಲವಾಗುತ್ತದೆ, ತೆರೆ ಮಂಕಾಗುತ್ತದೆ. ಆಗ ತೆರೆಯ ಮುಂದಿನ ಅಗ್ಗದ ಗಾಂಧಿ ಕ್ಲಾಸಿನಿಂದ ಕೂಗು: 'ಏ ಆಪರೇಟ್ರಾ, ಕಾರ್ಬನ್ ಹಾಕೋ!' ಆಟ ಮುಗಿಯುವ ತನಕ ಆ ಸಂದಿನ ಮೇಲೆ ಅವನ ಕಣ್ಣು. ಸಾವಿರ ಅಡಿ ರೀಲು ಓಡುವುದು ಹನ್ನೊಂದೇ ನಿಮಿಷ. ಒಂದೇ ಮಷೀನು ಇದ್ದ ಡೇರೆಯಲ್ಲಿ ರೀಲು ಬದಲಿಸುವಾಗೆಲ್ಲ ಕತೆ ನಿಲ್ಲುತ್ತಿತ್ತು. ಆ ಬಿಡುವಿನಲ್ಲೇ ಚುರುಮುರಿ, ಮಿರ್ಚಿ, ಮುಂದೇನಾದೀತೆಂಬ ವಾದ. ಊರೂರು ತಿರುಗಿ ಬಂದ ಪ್ರಿಂಟಿನ ತುಂಬ ಗೀರು. ಹರಿದಲ್ಲಿ ಅಂಟಿಸಿ ಮತ್ತೆ ಓಡಿಸುತ್ತಿದ್ದರು.

1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂಬುದು ದಾಖಲೆಯಾಗಿದೆ. ಬರಡು ನೆಲವನ್ನು ಹಸಿರು ಮಾಡುವ ನಾಯಕ ರಾಜೀವನ ಕತೆ ಮಳೆಗಾಗಿ ಮುಗಿಲು ನೋಡುವ ಸೀಮೆಗೆ ಹೇಗೆ ತಟ್ಟಿತೆಂಬುದನ್ನು ಮಾತ್ರ ಎಲ್ಲೂ ಬರೆದದ್ದು ನಾನು ಕಂಡಿಲ್ಲ. ಎಂಟು ವರ್ಷದ ನಂತರ, 1980ರ ಜುಲೈ 21ರಂದು, ನೀರಿನ ಕರದ ವಿರುದ್ಧ ನವಲಗುಂದದಲ್ಲಿ ರೈತರು ಬೀದಿಗಿಳಿದರು, ಪೊಲೀಸರ ಗುಂಡಿಗೆ ಜೀವ ಹೋಯಿತು. ಸಿನೆಮಾದಿಂದ ಬಂಡಾಯ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ತೆರೆಯ ಹೊಲಕ್ಕೂ ತಮ್ಮ ಹೊಲಕ್ಕೂ ಇರುವ ಅಂತರ ಆ ಪ್ರೇಕ್ಷಕರಿಗೆ ಚೆನ್ನಾಗಿ ಗೊತ್ತಿತ್ತು, ಅಷ್ಟೆ.

ಆಮೇಲಿನದು ಎಲ್ಲ ಊರಿನ ಕತೆ. 1987ರಿಂದ ಭಾನುವಾರದ 'ರಾಮಾಯಣ' ಜನರನ್ನು ಟಿ.ವಿ. ಇದ್ದವರ ಮನೆಯ ಪಡಸಾಲೆಗೆ ಎಳೆಯಿತು. ವಿಡಿಯೊ, ಕೇಬಲ್ ಬಂದವು. ರೀಲು ಹೋಗಿ ಡಿಜಿಟಲ್ ಬಂದಾಗ ಹೊಸ ಮಷೀನು ಹಾಕಿಸುವ ತ್ರಾಣ ಸಣ್ಣ ಊರಿನ ಮಾಲೀಕರಿಗೆ ಇರಲಿಲ್ಲ. ನೋಡುವವರು ಹುಬ್ಬಳ್ಳಿಯ ಬಸ್ಸು ಹಿಡಿದರು. ಉಳಿದ ಹಲವು ಟಾಕೀಜುಗಳನ್ನು 2020ರ ಕೊರೊನಾ ನುಂಗಿತು. ಕಟ್ಟಡಗಳು ಕಲ್ಯಾಣ ಮಂಟಪವೋ ಗೋದಾಮೋ ಆದವು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' (1934) ಉಳಿದಿಲ್ಲವೆಂದು ಮರುಗುತ್ತೇವೆ. ಸಣ್ಣ ಊರಿನ ಟಾಕೀಜುಗಳ ಹ್ಯಾಂಡ್‌ಬಿಲ್ಲು, ದಿನದ ಗಳಿಕೆ ಬರೆದ ಡಿಸಿಆರ್ ಪುಸ್ತಕಗಳು ರದ್ದಿಗೆ ಹೋದರೆ ಮರುಗುವವರಿಲ್ಲ. ನವಲಗುಂದದ ಜಮಖಾನಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಅದನ್ನು ನೇಯುವ ಹೆಣ್ಣುಮಕ್ಕಳ ಕಸುಬು ಬರೆಹಕ್ಕೆ ಬಂದಿದೆ. ಆಪರೇಟರನ ಕಸುಬಿಗೂ ಆ ಮರ್ಯಾದೆ ಸಲ್ಲಬೇಕು. ಆ ಕೆಲಸ ಮಾಡಿದವರಿಗೆ ಈಗ ವಯಸ್ಸಾಗಿದೆ. ಅವರ ಮುಂದೆ ಕೂತು ಕೇಳಿ ಬರೆದುಕೊಳ್ಳಬೇಕು: ಪ್ರಿಂಟಿನ ಡಬ್ಬಿ ಯಾವ ಬಸ್ಸಿಗೆ ಬರುತ್ತಿತ್ತು, ಯಾವ ಚಿತ್ರಕ್ಕೆ ಹೆಂಗಸರು ಹೆಚ್ಚು ಬಂದರು, ಕೈ ಸುಟ್ಟುಕೊಂಡದ್ದು ಎಷ್ಟು ಸಲ, ತಿಂಗಳಿಗೆ ಪಗಾರ ಎಷ್ಟಿತ್ತು.