ಅಡಿಟಿಪ್ಪಣಿಯ ಹೊಣೆ

ಲೇಖನವನ್ನು ಓದುವವರು ಹಲವರು. ಅದರ ಅಡಿಟಿಪ್ಪಣಿಯನ್ನು ಓದುವವರು ಕೆಲವರು. ಆ ಟಿಪ್ಪಣಿ ತೋರಿಸಿದ ಗ್ರಂಥವನ್ನು ತೆರೆದು ನೋಡುವವರು ತೀರ ವಿರಳ. ಪ್ರಬಂಧದ ಕೊನೆಯಲ್ಲಿ ಹತ್ತು ಪುಸ್ತಕಗಳ ಹೆಸರನ್ನು ಪೋಣಿಸಿಬಿಟ್ಟರೆ ಕರ್ತವ್ಯ ತೀರಿತೆಂಬುದು ನಮ್ಮ ವಿದ್ಯಾರ್ಥಿವೃಂದದ ಸಾಮಾನ್ಯ ನಂಬಿಕೆ. ಈ ನಂಬಿಕೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನ ಆಸೆ.

ಈ ವರ್ಷ ಇತಿಹಾಸದ ಕಿರುಪ್ರಬಂಧಕ್ಕಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಸನಗಳನ್ನು ನಾನು ಓದಬೇಕಾಗಿ ಬಂತು. ಒಂದು ಪುಸ್ತಕದಲ್ಲಿ ಬರಿಯ ಶಾಸನಸಂಖ್ಯೆಯನ್ನು ಕೊಟ್ಟಿದ್ದರು. ಗ್ರಂಥಾಲಯದ ಸಂಪುಟವನ್ನು ತೆರೆದರೆ ಆ ಸಂಖ್ಯೆಯ ಕೆಳಗೆ ಇದ್ದದ್ದು ಬೇರೆ ಊರಿನ ಬೇರೆ ದಾನ! ಗುರುಗಳನ್ನು ಕೇಳಿದಾಗ ಗುಟ್ಟು ತಿಳಿಯಿತು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಶ್ರೀರಂಗಪಟ್ಟಣದ ಶಾಸನಗಳು 1894ರ ಮೂರನೆಯ ಸಂಪುಟದಲ್ಲಿವೆ, ಕೃಷ್ಣರಾಜಪೇಟೆ, ನಾಗಮಂಗಲಗಳವು 1898ರ ನಾಲ್ಕನೆಯದರಲ್ಲಿ. ಪಾಂಡವಪುರವೆಂಬ ತಾಲ್ಲೂಕು ಅಲ್ಲಿ ಇಲ್ಲವೇ ಇಲ್ಲ. ಮೇಲುಕೋಟೆಯನ್ನು ಶ್ರೀರಂಗಪಟ್ಟಣದ ಕೆಳಗೆ ಹುಡುಕಬೇಕು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಾದರೋ ಮೊದಲಿನ ಮೂರು ತಾಲ್ಲೂಕುಗಳು ಆರನೆಯ ಸಂಪುಟದಲ್ಲಿವೆ (1977), ನಾಗಮಂಗಲ ಏಳನೆಯದರಲ್ಲಿದೆ (1979). ಕಲ್ಲು ಒಂದೇ, ಸಂಖ್ಯೆ ಎರಡು. ಆವೃತ್ತಿಯನ್ನು ಹೇಳದ ಟಿಪ್ಪಣಿ, ಸರ್ವೆ ನಂಬರಿಲ್ಲದ ಕ್ರಯಪತ್ರದಂತೆ.

ನಮ್ಮ ಹಿರಿಯರಿಗೆ ಈ ಎಚ್ಚರ ಇತ್ತು. ದಾನ ಕೊಟ್ಟವನು ಯಾರು, ಪಡೆದವನು ಯಾರು, ಭೂಮಿಯ ಎಲ್ಲೆ ಯಾವುದು ಎಂಬುದನ್ನು ಶಾಸನ ಹೇಳುತ್ತದೆ. ಎಷ್ಟೋ ಶಾಸನಗಳು ಬರೆದವನ ಹೆಸರನ್ನೂ ಕಲ್ಲಿನಲ್ಲಿ ಕಂಡರಿಸಿದವನ ಹೆಸರನ್ನೂ ಉಳಿಸಿಕೊಂಡಿವೆ.

ಇತಿಹಾಸದಲ್ಲಿ ಟಿಪ್ಪಣಿ ತಪ್ಪಿದರೆ ಓದುಗನ ಒಂದು ಮಧ್ಯಾಹ್ನ ಹಾಳಾದೀತು. ವೈದ್ಯಶಾಸ್ತ್ರದಲ್ಲಿ ಹಾಗಲ್ಲ. ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದಲ್ಲಿ ವೈದ್ಯಕೀಯ ಓದುತ್ತಿರುವ ನಮ್ಮೂರಿನ ಅಣ್ಣನೊಬ್ಬನು ತನ್ನ ಲೇಖನವನ್ನು ತೋರಿಸಿದನು. ಉಲ್ಲೇಖಗಳಿಗೆಲ್ಲ ಬಂದ ಕ್ರಮದಲ್ಲಿ 1, 2, 3 ಎಂದು ಅಂಕಿ. 1978ರಲ್ಲಿ ವೈದ್ಯಪತ್ರಿಕೆಗಳ ಸಂಪಾದಕರು ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ್ದರಿಂದ ಈ ಪದ್ಧತಿಗೆ ಆ ಊರಿನ ಹೆಸರೇ ನಿಂತಿದೆಯಂತೆ. “ಅಂಕಿ ಹಾಕುವುದು ಸುಲಭ ಕಣಪ್ಪ, ಆ ಅಂಕಿಯ ಹಿಂದೆ ಇರುವುದನ್ನು ಓದುವುದೇ ಕಷ್ಟ” ಎಂದು ಹೇಳಿ ಅವನು ಒಂದು ಕಥೆ ತಿಳಿಸಿದನು.

1980ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಐದು ವಾಕ್ಯಗಳ ಪುಟ್ಟ ಪತ್ರವೊಂದು ಅಚ್ಚಾಯಿತು. ಆಸ್ಪತ್ರೆಯಲ್ಲಿದ್ದು ಅಫೀಮಿನ ವರ್ಗದ ನೋವಿನ ಮದ್ದು ಪಡೆದ 11,882 ರೋಗಿಗಳಲ್ಲಿ, ಮೊದಲು ಚಟವಿಲ್ಲದಿದ್ದು ಆಮೇಲೆ ಚಟಕ್ಕೆ ಬಿದ್ದವರು ನಾಲ್ವರು ಮಾತ್ರ ಎಂಬುದು ಅದರ ಸಾರ. ಮನೆಗೆ ಮಾತ್ರೆ ಒಯ್ದು ತಿಂಗಳುಗಟ್ಟಲೆ ನುಂಗುವವರ ವಿಷಯ ಅಲ್ಲಿರಲಿಲ್ಲ. 2017ರಲ್ಲಿ ಲೆಕ್ಕ ಹಾಕಿದಾಗ 608 ಲೇಖನಗಳು ಆ ಪತ್ರವನ್ನು ಉಲ್ಲೇಖಿಸಿದ್ದುವು. ಅವುಗಳಲ್ಲಿ ನೂರಕ್ಕೆ ಎಂಬತ್ತು, ಅದು ಆಸ್ಪತ್ರೆಯ ಒಳರೋಗಿಗಳ ಮಾತೆಂಬುದನ್ನು ಹೇಳಿರಲೇ ಇಲ್ಲ. ಪತ್ರಿಕೆ, ವರ್ಷ, ಪುಟ ಎಲ್ಲ ಸರಿಯಾಗಿದ್ದರೂ ಉಲ್ಲೇಖ ಸುಳ್ಳಾಗಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ಅಮೆರಿಕದಲ್ಲಿ ಇಂಥ ಮದ್ದಿನ ಚಟ ಲಕ್ಷಾಂತರ ಜೀವಗಳನ್ನು ನುಂಗಿತು. ವೈದ್ಯರ ಅಳುಕನ್ನು ಕಳೆದ ಕಾರಣಗಳಲ್ಲಿ ಈ ಪುಟ್ಟ ಪತ್ರವೂ ಒಂದೆಂದು ಲೆಕ್ಕ ಹಾಕಿದವರು ಅಭಿಪ್ರಾಯಪಟ್ಟರು.

ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲು. ತಂದೆಯವರು ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವ ಮುನ್ನ ಅದನ್ನು ನನ್ನ ಕೈಗಿತ್ತು, “ಏನ್ ಬರ್ದವ್ರೆ ಸರ್ಯಾಗ್ ನೋಡ್ಲಾ ಮಗ” ಎನ್ನುತ್ತಾರೆ. ಓದಲಾರದವರು ಓದಬಲ್ಲವರ ಮೇಲೆ ಇಟ್ಟಿರುವ ನಂಬಿಕೆ ಅದು. ಲೇಖನವನ್ನು ವೈದ್ಯರು ಓದುತ್ತಾರೆ. ಮಾತ್ರೆಯನ್ನು ನುಂಗುವವರು ನಮ್ಮ ತಂದೆಯಂಥವರು. ಅವರು ಅಡಿಟಿಪ್ಪಣಿಯನ್ನು ಎಂದಿಗೂ ನೋಡಲಾರರು.

ಆದುದರಿಂದ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ. ಕಣ್ಣಾರೆ ನೋಡದ ಗ್ರಂಥದ ಹೆಸರನ್ನು ಬರೆಯದಿರೋಣ. ಇನ್ನೊಬ್ಬರ ಪುಸ್ತಕದಿಂದ ತಿಳಿದದ್ದಾದರೆ ಆ ಪುಸ್ತಕದ ಹೆಸರನ್ನೇ ಹೇಳೋಣ. ಆವೃತ್ತಿ, ವರ್ಷ, ಪುಟಗಳನ್ನು ಕೊಡೋಣ. ಮೂಲ ಎಷ್ಟು ಹೇಳಿದೆಯೋ ಅಷ್ಟನ್ನೇ ಅದರ ಬಾಯಲ್ಲಿ ಹೇಳಿಸೋಣ. ಅಂಕಗಳು ಬರಲಿ, ಬಾರದಿರಲಿ. ನಮ್ಮನ್ನು ನಂಬಿದವರಿಗೆ ನಾವು ಸಲ್ಲಿಸತಕ್ಕ ಋಣ ಅದು.